ಮೂಗಿನ ಗಾಲಿಯ ಪಿನ್ನು

ಸಿದ್ರಾಮನ ಮೀಸೆಯಿಂದ ಕರ್ಪೂರದ ವಾಸನೆ ಬಂತು. ಬರಬೇಕಾದದ್ದು ಗ್ರೀಸಿನ ವಾಸನೆ. ಅಷ್ಟರಲ್ಲಿ ವಿಮಾನ ಚಲಿಸತೊಡಗಿತ್ತು, ಅದನ್ನು ಕರೆದವನೂ ಸಿದ್ರಾಮನೇ: ಎರಡು ಕೈಯಲ್ಲಿ ಎರಡು ಕಿತ್ತಳೆ ಬಣ್ಣದ ಬ್ಯಾಟನ್ ಹಿಡಿದು, ಮೊಣಕೈ ಮಡಚಿ ಬಿಚ್ಚಿ, ಬಾ, ಬಾ, ನೇರ ಬಾ ಎಂದು. ಹದಿನೆಂಟು ಸೀಟಿನ, ಎರಡು ರೆಕ್ಕೆಗೂ ಒಂದೊಂದು ಫ್ಯಾನಿರುವ ಬಿಳಿ ವಿಮಾನ ಹಳದಿ ಗೆರೆ ಹಿಡಿದು, ಸಾವಕಾಶ ನಡೆಯುವ ಮನುಷ್ಯನ ವೇಗದಲ್ಲಿ ಅವನ ಕಡೆಗೆ ಬರುತ್ತಿತ್ತು. ಕಿವಿಗೆ ದಪ್ಪನೆಯ ಮುಚ್ಚಳ ಹಾಕಿಕೊಂಡಿದ್ದರಿಂದ ಅವನಿಗೆ ಲೋಕದ ಸದ್ದೇನೂ ಕೇಳುತ್ತಿರಲಿಲ್ಲ. ಆದ್ದರಿಂದಲೋ ಏನೋ ವಾಸನೆಯೊಂದೇ ಸ್ಪಷ್ಟವಾಗಿತ್ತು. ಇನ್ನೊಮ್ಮೆ ಉಸಿರು ಎಳೆದುಕೊಂಡ. ಕರ್ಪೂರ, ಅದರ ಹಿಂದೆ ವಿಭೂತಿ, ಅದರ ಹಿಂದೆ ಸ್ವಲ್ಪ ಬಾಳೆಹಣ್ಣು. ಗ್ರೀಸು ಎಲ್ಲೂ ಇರಲಿಲ್ಲ. ಇಪ್ಪತ್ತಾರು ವರ್ಷ ಪ್ರತಿ ಸಂಜೆ ಹೆಂಡತಿ ಶಾಂಭವಿ ಚಹಾದ ಲೋಟ ಕೈಗೆ ಕೊಡುತ್ತ, ಮಂದಿ ಮೀಸಿಗೆ ಎಣ್ಣಿ ಹಚ್ಚತಾರ, ನೀವು ಗ್ರೀಸ್ ಹಚ್ಚತೀರಿ ಎಂದು ಅಂದಿದ್ದಳು. ಅದು ಅವಳ ಬೈಗುಳವಾಗಿತ್ತೋ ಹೆಮ್ಮೆಯಾಗಿತ್ತೋ ಅವನು ಯಾವತ್ತೂ ಕೇಳಿರಲಿಲ್ಲ. ಇವತ್ತು ಮನೆಗೆ ಹೋದರೆ ಅವಳು ಏನನ್ನುವಳು ಎಂದು ಯೋಚಿಸುತ್ತಿದ್ದಂತೆಯೇ, ಕೈಗಳು ತಮ್ಮಷ್ಟಕ್ಕೆ ಬಾ ಬಾ ಎನ್ನುತ್ತಿದ್ದವು.

ಬೊಮ್ಮಸಂದ್ರದ ಕಾರ್ಖಾನೆಗಳನ್ನು ದಾಟಿ ಆನೇಕಲ್ ಕಡೆಗೆ ಹೋದರೆ ಸಿಗುವ ಈ ವಿಮಾನ ಕಂಪನಿಗೆ ತನ್ನದೇ ಆದ ಒಂದು ರನ್‌ವೇ, ಎರಡು ಹ್ಯಾಂಗರ್, ಒಂದು ಕ್ಯಾಂಟೀನು ಇತ್ತು. ಸಿದ್ರಾಮ ಇಂಡಿ ತಾಲೂಕಿನಿಂದ ಬಂದು ಮೊದಲು ಅದೇ ಹ್ಯಾಂಗರಿಗೆ ಗಾರೆ ಕಲಸಿದವನು. ಕಟ್ಟಡ ಮುಗಿದ ಮೇಲೆ ಅವನು ಹೊರಟು ಹೋಗಲಿಲ್ಲ, ಅಷ್ಟೇ. ಈಗ ಅವನು ರ‍್ಯಾಂಪಿನ ಹಿರಿಯ. ಆ ಸಿಮೆಂಟಿನ ಅಂಗಳದಲ್ಲಿ ವಿಮಾನ ನಿಂತಲ್ಲಿಂದ ಕದಲಬೇಕಾದರೆ ಅವನ ಕೈ ಬೀಸಬೇಕು, ಬಂದು ನಿಲ್ಲಬೇಕಾದರೂ ಅವನ ಕೈ ಬೀಸಬೇಕು. ಆ ಕೈಯ ಬಗ್ಗೆ ಚಂದಾಪುರದ ಚಹಾದಂಗಡಿಯಲ್ಲಿ ಬಹಳ ಕಥೆಗಳಿದ್ದವು, ಎಲ್ಲವನ್ನೂ ಅವನೇ ಹೇಳಿದ್ದ. ಒಮ್ಮೆ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಬನ್ನು ಇದ್ದ ಕಾರಣ ಬರಿ ಹುಬ್ಬು ಗಂಟಿಕ್ಕಿಯೇ ವಿಮಾನ ನಿಲ್ಲಿಸಿದ್ದ. ಒಮ್ಮೆ ಸುಂಟರಗಾಳಿ ಬಂದಾಗ ಎರಡು ಸೀಟಿನ ವಿಮಾನ ಹಾರಿಹೋಗಬಾರದೆಂದು ಬಾಲ ಹಿಡಿದವನು ಅತ್ತಿಬೆಲೆಯ ಟೋಲಿನ ತನಕ ನೆಲ ಮುಟ್ಟಿರಲಿಲ್ಲ. ಟೋಲಿನವರು, ಗಾಲಿ ಇಲ್ಲದ್ದಕ್ಕೆ ಟೋಲ್ ಇಲ್ಲ ಎಂದು ಬಿಟ್ಟರಂತೆ. ಇದನ್ನೆಲ್ಲ ಅವನು ಮುಖದ ಒಂದು ಗೆರೆಯನ್ನೂ ಕದಲಿಸದೆ ಹೇಳುತ್ತಿದ್ದ. ಕೈಗವಸು ಹಾಕಿಕೊಳ್ಳಿ ಎಂದು ರ‍್ಯಾಂಪ್ ಮ್ಯಾನೇಜರ್ ರುದ್ರೇಶ್ ನೋಟೀಸು ಅಂಟಿಸಿದಾಗ, ಕೈಗವಸು ಹಾಕಿದರೆ ವಿಮಾನಕ್ಕೆ ನನ್ನ ಗುರುತು ಸಿಗುವುದಿಲ್ಲ ಎಂದಿದ್ದ. ರುದ್ರೇಶ್ ನಕ್ಕಿದ್ದ. ನಕ್ಕವರು ಮತ್ತೆ ನೋಟೀಸಿನ ಮಾತೆತ್ತುವುದಿಲ್ಲ ಎಂಬುದು ಸಿದ್ರಾಮನಿಗೆ ಬಹಳ ಹಿಂದೆಯೇ ತಿಳಿದ ವಿದ್ಯೆ.

ಗ್ರೀಸಿನ ವಿಷಯ ಹೀಗೆ. ಟ್ರ್ಯಾಕ್ಟರಿನಿಂದ ವಿಮಾನವನ್ನು ಹ್ಯಾಂಗರಿನಿಂದ ಹೊರಗೆ ಎಳೆಯುವಾಗ ಮೂಗಿನ ಕೆಳಗಿನ ಗಾಲಿಗೆ ಒಂದು ಉಕ್ಕಿನ ಪಿನ್ನು ಚುಚ್ಚುತ್ತಾರೆ. ಅದು ಇರುವ ತನಕ ಪೈಲಟ್ಟಿನ ಸ್ಟೇರಿಂಗಿಗೂ ಗಾಲಿಗೂ ಸಂಬಂಧ ಇರುವುದಿಲ್ಲ, ಗಾಲಿ ಟ್ರ್ಯಾಕ್ಟರಿನ ಮಾತು ಕೇಳುತ್ತದೆ. ಎಳೆದಾದ ಮೇಲೆ ಪಿನ್ನು ಕಿತ್ತು, ಪೈಲಟ್ಟಿಗೆ ಕಾಣುವ ಹಾಗೆ ಎತ್ತಿ ಹಿಡಿಯಬೇಕು. ದೂರಕ್ಕೆ ಕಾಣಲೆಂದೇ ಅದಕ್ಕೊಂದು ಮೊಳದುದ್ದದ ಕೆಂಪು ಪಟ್ಟಿ ಕಟ್ಟಿರುತ್ತದೆ. ಪೈಲಟ್ಟು ಪಟ್ಟಿ ನೋಡಿ ಹೆಬ್ಬೆರಳು ಎತ್ತಿದರೆ, ಗಾಲಿ ಇನ್ನು ನಿನ್ನದು ಎಂದು ನೆಲದವನು ಆಕಾಶದವರಿಗೆ ಒಪ್ಪಿಸಿದ ಹಾಗೆ. ಸಿದ್ರಾಮ ಕಿತ್ತ ಪಿನ್ನನ್ನು ಎಡಗಡೆಯ ಜೇಬಿಗೆ ಹಾಕಿಕೊಂಡು, ನಾಲ್ಕು ಮಾರು ಮುಂದೆ ಬಂದು, ಜೇಬಿನಿಂದ ತೆಗೆದು ಎತ್ತಿ ತೋರಿಸಿ, ಮತ್ತೆ ಜೇಬಿಗೆ ಹಾಕಿ, ಅದೇ ಕೈಯಿಂದ ಒಮ್ಮೆ ಮೀಸೆ ನೀವಿಕೊಂಡು, ಆಮೇಲೆ ಬ್ಯಾಟನ್ ಹಿಡಿಯುತ್ತಿದ್ದ. ಇದು ಎಷ್ಟು ಸಲ ಆಗಿತ್ತೆಂದರೆ, ಅವನಿಲ್ಲದೆಯೂ ಅವನ ಕೈ ಇದನ್ನು ಮಾಡಬಲ್ಲದಾಗಿತ್ತು. ಇವತ್ತು ಕೈ ಹಾಗೆಯೇ ಮಾಡಿತ್ತೇ ಎಂಬುದೇ ಪ್ರಶ್ನೆ.

ಇವತ್ತು ಆಯುಧಪೂಜೆ. ಬೆಳಿಗ್ಗೆ ಎಂಟಕ್ಕೇ ವಿಮಾನವನ್ನು ಹೊರಗೆಳೆದು ನಿಲ್ಲಿಸಿ, ಮೂಗಿಗೆ ಕುಂಕುಮ, ಗಾಲಿಗೆ ಚೆಂಡುಹೂವಿನ ಹಾರ, ರೆಕ್ಕೆಯ ತುದಿಗಳಿಗೆ ಮಾವಿನ ಸೊಪ್ಪು ಕಟ್ಟಿದ್ದರು. ಹತ್ತೂವರೆಯೊಳಗೆ ಒಂದು ಎಸಳೂ ಉಳಿಯಬಾರದು, ಇಂಜಿನ್ನಿಗೆ ಹೋಗುತ್ತದೆ ಎಂದು ರುದ್ರೇಶ್ ಮೂರು ದಿನ ಮೊದಲೇ ಮೇಲ್ ಕಳಿಸಿದ್ದ. ಕೆಂಪು ಜಮಖಾನದ ಮೇಲೆ ರ‍್ಯಾಂಪಿನ ಆಯುಧಗಳನ್ನೆಲ್ಲ ಸಾಲಾಗಿ ಇಟ್ಟಿದ್ದರು: ಬ್ಯಾಟನ್‌ಗಳು, ಸ್ಪ್ಯಾನರುಗಳು, ಗಾಲಿಗೆ ಕೊಡುವ ಅಡ್ಡೆಗಳು, ಕಿವಿ ಮುಚ್ಚಳಗಳು. ಅಸಲಿ ಪಿನ್ನು ಗಾಲಿಯಲ್ಲಿದ್ದುದರಿಂದ, ಪಿನ್ನಿಗೂ ಪೂಜೆ ಆಗಲಿ ಎಂದು ಸ್ಟೋರಿನಿಂದ ಇನ್ನೊಂದು ಪಿನ್ನು ತಂದು ಇಟ್ಟವನು ಸಿದ್ರಾಮನೇ. ಇಪ್ಪತ್ತಾರು ವರ್ಷ ಕೆಲಸ ಕೊಟ್ಟ ವಸ್ತುವನ್ನು ಬಿಟ್ಟು ಸ್ಪ್ಯಾನರಿಗೆ ಆರತಿ ಎತ್ತುವುದು ಅವನಿಗೆ ಸರಿಬರಲಿಲ್ಲ. ಮಂಗಳಾರತಿ ಆದ ಮೇಲೆ ಅರ್ಚಕರು ವರ್ಷವೂ ಮಾಡುವ ಹಾಗೆ ಒಬ್ಬೊಬ್ಬರ ಆಯುಧವನ್ನು ಅವರವರ ಕೈಗೆ ಕೊಟ್ಟರು. ಸಿದ್ರಾಮ ಎರಡು ಬ್ಯಾಟನ್ ಮತ್ತು ಪಿನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಸ್ಟೋರಿಗೆ ವಾಪಸು ಇಡಬೇಕು ಅಂದುಕೊಂಡ. ಅಷ್ಟರಲ್ಲಿ ಅತಿಥಿಗಳ ಕಾರುಗಳು ಬಂದವು. ಪಿನ್ನು ಎಡಗಡೆಯ ಜೇಬಿಗೆ ಹೋಯಿತು. ಕೆಂಪು ಪಟ್ಟಿ ಎಂದಿನಂತೆ ಜೇಬಿನಿಂದ ಇಳಿಬಿದ್ದಿತ್ತು. ಹತ್ತು ಗಂಟೆಯ ಸುಮಾರಿಗೆ ಕೈ ಅದನ್ನು ಮುಟ್ಟಿ ನೋಡಿ, ಆಯಿತು, ಕಿತ್ತಾಗಿದೆ, ಎಂದುಕೊಂಡಿತೋ ಏನೋ. ಕೈಗೆ ಪಂಚಾಂಗ ಗೊತ್ತಿರುವುದಿಲ್ಲ.

ಅಥವಾ ಕಿತ್ತೂ ಇರಬಹುದು. ಅವನು ಗಾಲಿಯ ಪಕ್ಕ ಬಗ್ಗಿದ ನೆನಪು ಸ್ಪಷ್ಟವಾಗಿಯೇ ಇತ್ತು, ತೊಂದರೆಯೆಂದರೆ ಅಂಥ ನೆನಪುಗಳು ಎರಡು ಸಾವಿರ ಇದ್ದವು, ಅವುಗಳಲ್ಲಿ ಇವತ್ತಿನದು ಯಾವುದೆಂದು ಆರಿಸಲು ಬರುತ್ತಿರಲಿಲ್ಲ. ಗಾಲಿಯ ಹೂವನ್ನು ತೆಗೆದವನು ಆಂಜಿನಪ್ಪ. ಟ್ರ್ಯಾಕ್ಟರು ಓಡಿಸುವ ಆಂಜಿನಪ್ಪ, ಈಗ ಎಡ ರೆಕ್ಕೆಯ ತುದಿಯ ಜೊತೆ ನಡೆದು ಬರುತ್ತ, ಎಡಗಡೆ ಏನೂ ತಾಗುವುದಿಲ್ಲ ಎಂದು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ. ಅವನ ಹಣೆಯ ಕುಂಕುಮ ಬೆವರಿಗೆ ಮೂಗಿನವರೆಗೆ ಇಳಿದಿತ್ತು. ಎಲ್ಲ ತೆಗೆದೆ ಅಣ್ಣ ಎಂದು ಅವನು ಹೇಳಿದ್ದ. ಪಿನ್ನು ಉಳಿದಿದ್ದರೆ ಅದರ ಕೆಂಪು ಪಟ್ಟಿ ಗಾಲಿಯ ಪಕ್ಕ ಗಾಳಿಗೆ ಹಾರಾಡಬೇಕಿತ್ತು. ಸಿದ್ರಾಮ ಕಣ್ಣು ಕಿರಿದು ಮಾಡಿ ಗಾಲಿಯನ್ನೇ ನೋಡಿದ. ಪಟ್ಟಿ ಇರಲಿಲ್ಲ. ಆದ್ದರಿಂದ ಪಿನ್ನು ಇಲ್ಲ. ಮನಸ್ಸು ತಣ್ಣಗಾಯಿತು. ಆಗ ಮತ್ತೆ ಕರ್ಪೂರ ಬಂತು.

ತಿರುವಿಗೆ ಇಪ್ಪತ್ತು ಹೆಜ್ಜೆ ಇತ್ತು. ಅಲ್ಲಿ ಹಳದಿ ಗೆರೆ ಎಡಕ್ಕೆ ಬಾಗುತ್ತದೆ, ವಿಮಾನವೂ ಬಾಗಬೇಕು. ಬಾಗದಿದ್ದರೆ ನೇರಕ್ಕೆ, ಇನ್ನು ಹದಿನೈದು ಹೆಜ್ಜೆಯ ಆಚೆ, ಪೂಜೆಗೆ ಹಾಕಿದ ಶಾಮಿಯಾನ. ಅದರ ಕೆಳಗೆ ಪ್ರಸಾದದ ದೊನ್ನೆ ಹಿಡಿದ ನಲವತ್ತು ಜನ. ಕಂಪನಿಯವರ ಹೆಂಡತಿ ಮಕ್ಕಳು, ಕ್ಯಾಂಟೀನಿನವರು, ಮೊಬೈಲ್ ಎತ್ತಿ ವಿಡಿಯೋ ತೆಗೆಯುತ್ತಿದ್ದ ರುದ್ರೇಶ್. ಶಾಮಿಯಾನವನ್ನು ಅಲ್ಲಿ ಹಾಕಬಾರದಿತ್ತು. ನೆರಳಿದೆ ಎಂದು ಹಾಕಿದ್ದರು. ಸ್ಟೇರಿಂಗು ಕೇಳದಿದ್ದರೆ ಪೈಲಟ್ಟಿಗೆ ತಕ್ಷಣ ಗೊತ್ತಾಗುತ್ತದೆ, ಬ್ರೇಕು ಹಾಕುತ್ತಾರೆ ಎಂದು ಸಿದ್ರಾಮ ತನಗೆ ಹೇಳಿಕೊಂಡ. ಕ್ಯಾಪ್ಟನ್ ನಿವೇದಿತಾ ಧಾರವಾಡದವರು, ಚುರುಕು. ನಿಲ್ಲಿಸಬಹುದು. ಆಗ ಗಾಲಿ ಯಾಕೆ ತಿರುಗಲಿಲ್ಲ ಎಂಬ ಪ್ರಶ್ನೆ ಗಾಲಿಯ ಕಡೆಯಿಂದ ಹುಟ್ಟುತ್ತದೆ, ಅಲ್ಲಿಂದ ಅದು ಯಾವ ದಿಕ್ಕಿಗಾದರೂ ಹೋಗಬಹುದು, ಹೂವು ತೆಗೆದವನ ಕಡೆಗೂ ಹೋಗಬಹುದು. ಅದೇ ತಾನು ಈಗ ಕೈ ಅಡ್ಡ ಹಾಕಿ ನಿಲ್ಲಿಸಿದರೆ ಪ್ರಶ್ನೆ ತನ್ನಿಂದಲೇ ಶುರುವಾಗುತ್ತದೆ. ಒಂದನೇ ತಾರೀಖಿನಿಂದ ಅವನನ್ನು ರ‍್ಯಾಂಪ್ ಸೇಫ್ಟಿಯ ಟ್ರೈನರ್ ಮಾಡುವುದೆಂದು ಆಗಿತ್ತು. ಕೋಣೆ, ಗೋಡೆಗೆ ಬಿಳಿ ಹಲಗೆ, ಗಾಲಿ ಇರುವ ಕುರ್ಚಿ. ಕುರ್ಚಿಯನ್ನು ಅವನು ಆಗಲೇ ಹೋಗಿ ಎರಡು ಸಲ ಕೂತು ನೋಡಿ ಬಂದಿದ್ದ.

ಮೊದಲು ಈ ಕೆಲಸದಲ್ಲಿದ್ದ ವೀರೇಶನೂ ಹೀಗೆಯೇ ಎಡ ರೆಕ್ಕೆಯ ತುದಿಯಲ್ಲಿ ನಡೆಯುತ್ತಿದ್ದ. ಮೂರು ವರ್ಷದ ಹಿಂದೆ, ಪೇಂಟಿನವರು ಬಿಟ್ಟು ಹೋದ ಏಣಿಗೆ ರೆಕ್ಕೆಯ ತುದಿ ಉಜ್ಜಿತು. ದೊಡ್ಡದೇನಲ್ಲ, ಅಂಗೈಯಷ್ಟು ಅಗಲದ ಗೀರು. ವಿಚಾರಣೆಗೆ ಮೂರು ಜನ ಕೂತರು. ಅವತ್ತು ಏಣಿ ಕಂಡೊಡನೆ ವೀರೇಶ್ ಎರಡೂ ಕೈಯನ್ನು ತಲೆಯ ಮೇಲೆ ಅಡ್ಡ ಹಾಕಿ, ನಿಲ್ಲು ಎಂದು ತೋರಿಸಿದ್ದ. ಸಿದ್ರಾಮ ಅದನ್ನು ನೋಡಲಿಲ್ಲ, ಆ ಕ್ಷಣ ಅವನು ಕಾಕ್‌ಪಿಟ್ಟಿನಲ್ಲಿದ್ದ ಹೊಸ ಪೈಲಟ್ಟಿಗೆ ತನ್ನ ಕೈಯ ಸೊಬಗನ್ನು ತೋರಿಸುವುದರಲ್ಲಿದ್ದ. ವಿಚಾರಣೆಯಲ್ಲಿ ಅವನು, ವೀರೇಶ ಹೆಬ್ಬೆರಳು ಎತ್ತಿದ್ದನ್ನು ನಾ ಕಂಡೀನ್ರಿ ಎಂದ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸದೆ, ಬೆರಳಿಗೆ ಬ್ಯಾಂಡೇಜ್ ಸುತ್ತಿತ್ತು, ಅದಕ್ಕ ಛಲೋ ನೆನಪೈತಿ ಎಂದ. ಬ್ಯಾಂಡೇಜು ನಿಜವಾಗಿಯೂ ಇತ್ತು. ಕಥೆಗೆ ಒಂದು ನಿಜವಾದ ಬ್ಯಾಂಡೇಜು ಇದ್ದರೆ ಸಾಕು, ಉಳಿದದ್ದನ್ನು ಕೇಳುವವರೇ ನಂಬಿಕೊಳ್ಳುತ್ತಾರೆ. ವೀರೇಶ್ ಈಗ ಬೊಮ್ಮಸಂದ್ರದ ಔಷಧಿ ಫ್ಯಾಕ್ಟರಿಯಲ್ಲಿ ಪೆಟ್ಟಿಗೆಗೆ ಟೇಪು ಹಚ್ಚುತ್ತಾನೆ. ಹೋದ ತಿಂಗಳು ಶಿಫ್ಟು ಬಿಟ್ಟ ಹೊತ್ತಿನ ಬಸ್ಸಿನಲ್ಲಿ ಅವನು ಸಿದ್ರಾಮನನ್ನು ಕಂಡು ಎದ್ದು ನಿಂತು, ಕೂಡ್ರಿ ಅಣ್ಣ, ಮೊಣಕಾಲು ನೋವು ಈಗ ಹ್ಯಾಂಗದ ಎಂದು ಕೇಳಿದ್ದ. ಸಿದ್ರಾಮ ಕೂತಿದ್ದ. ಚಂದಾಪುರದವರೆಗೂ ವೀರೇಶನ ಸೊಂಟದ ಬೆಲ್ಟಿನ ಬಕಲು ಅವನ ಕಣ್ಣಿನ ನೇರಕ್ಕೇ ಇತ್ತು. ನಿಲ್ದಾಣ ಬಂದಾಗ ಯಾವ ಕಥೆಯೂ ಬಾಯಿಗೆ ಬರದೆ, ಬರ್ತೀನಪ ಎಂದಷ್ಟೇ ಹೇಳಿ ಇಳಿದಿದ್ದ.

ತಿರುವಿಗೆ ಇನ್ನು ಎಂಟು ಹೆಜ್ಜೆ ಇತ್ತು. ಕಾಕ್‌ಪಿಟ್ಟಿನ ಗಾಜಿನ ಹಿಂದೆ ನಿವೇದಿತಾ ಅವನ ಕೈಯನ್ನೇ ನೋಡುತ್ತಿದ್ದರು. ಅವನ ಮುಖವನ್ನಲ್ಲ, ಕೈಯನ್ನು. ಸಿದ್ರಾಮ ಕೈ ಎತ್ತಿದ. ಎತ್ತಿದ್ದು ಎಡಕ್ಕೆ ತಿರುಗು ಎನ್ನಲು ಎಂದೇ ಅವನಿಗೆ ಅನ್ನಿಸಿತ್ತು. ಎರಡೂ ಬ್ಯಾಟನ್ ತಲೆಯ ಮೇಲೆ ಹೋಗಿ ಒಂದಕ್ಕೊಂದು ಅಡ್ಡವಾಗಿ ಟಕ್ಕೆಂದು ತಾಗಿದ್ದು ಅವನ ಮಣಿಕಟ್ಟಿಗೆ ಗೊತ್ತಾಯಿತು.

ವಿಮಾನ ಮೂಗು ತಗ್ಗಿಸಿ, ಎತ್ತಿ, ನಿಂತಿತು. ಬ್ಯಾಟನ್ನನ್ನು ಕತ್ತಿನ ಅಡ್ಡಕ್ಕೆ ಎಳೆದು ಇಂಜಿನ್ ಆರಿಸುವಂತೆ ತೋರಿಸಿದ. ಫ್ಯಾನುಗಳು ಪೂರ್ತಿ ನಿಲ್ಲುವ ತನಕ ಯಾರೂ ಹತ್ತಿರ ಹೋಗುವಂತಿಲ್ಲ. ಆ ಒಂದು ನಿಮಿಷದಲ್ಲಿ ಶಾಮಿಯಾನದ ಕೆಳಗಿದ್ದವರು ತಮಗೆ ತಿಳಿದ ಕಾರಣಗಳನ್ನು ಹುಡುಕಿಕೊಂಡರು. ರಾಹುಕಾಲ ಎಂದರು ಕೆಲವರು, ಕುಂಬಳಕಾಯಿ ಸರಿಯಾಗಿ ಒಡೆದಿರಲಿಲ್ಲ ಎಂದರು ಕೆಲವರು. ಇದೆಲ್ಲ ಆಮೇಲೆ ಅವನಿಗೆ ತಿಳಿದದ್ದು. ರುದ್ರೇಶ್ ಓಡಿ ಬಂದಾಗ ಸಿದ್ರಾಮ ಕಿವಿಯ ಮುಚ್ಚಳ ತೆಗೆದಿದ್ದ.

"ಏನ್ ಸಿದ್ರಾಮಣ್ಣ, ಮತ್ತೆ ಮುಂಗುಸಿನಾ?"

ಹಿಂದೆ ಒಮ್ಮೆ ಮುಂಗುಸಿಯೊಂದು ದಾಟಲಿ ಎಂದು ವಿಮಾನ ನಿಲ್ಲಿಸಿದ್ದೆ, ಅದು ಆಚೆ ದಾಟಿ ತಿರುಗಿ ನಿಂತು ಕೈಮುಗಿಯಿತು ಎಂದು ಅವನು ಕ್ಯಾಂಟೀನಿನಲ್ಲಿ ಹೇಳಿದ್ದ.

"ಮುಂಗಸಿ ಅಲ್ರಿ. ಪಿನ್ ಗಾಲ್ಯಾಗ ಉಳದಂಗದ."

"ಯಾವ ಪಿನ್? ಈಗಷ್ಟೇ ತೋರ್ಸಿದ್ರಲ್ಲ. ವಿಡಿಯೋದಲ್ಲೂ ಇದೆ."

"ತೋರ್ಸೀನಿ," ಎಂದು ಸಿದ್ರಾಮ ಗಾಲಿಯ ಕಡೆಗೆ ನಡೆದ.

ಅಲ್ಲಿಯವರೆಗಿನ ಹದಿನೆಂಟು ಹೆಜ್ಜೆಯಲ್ಲಿ ಅವನು ಬಯಸಿದ್ದು ಪಿನ್ನು ಇರಲಿ ಎಂದೇ. ಇದು ಅವನಿಗೇ ವಿಚಿತ್ರವೆನಿಸಿತು. ಪಿನ್ನು ಇಲ್ಲದಿದ್ದರೆ ಅವನು ಬರಿ ಕರ್ಪೂರದ ವಾಸನೆಗೆ ಹೆದರಿ ವಿಮಾನ ನಿಲ್ಲಿಸಿದ ಮುದುಕ. ಇದ್ದರೆ ತಪ್ಪು ಮಾಡಿದವನು. ಮುದುಕನಾಗುವುದಕ್ಕಿಂತ ತಪ್ಪು ಮಾಡಿದವನಾಗುವುದು ಮೇಲೆಂದು, ತನ್ನ ಐವತ್ತೊಂದನೇ ವಯಸ್ಸಿನ ಮೇಲಿನ ಪ್ರೀತಿಯಿಂದ, ಬಗ್ಗಿದ. ಪಿನ್ನು ಇತ್ತು. ತೂತಿನೊಳಗೆ ನೆಟ್ಟಗೆ ಕೂತಿತ್ತು, ಹೊರಗೆ ಉಳಿದ ಬಳೆಯಂಥ ಹಿಡಿಗೆ ಕುಂಕುಮ ಹತ್ತಿತ್ತು, ಪಟ್ಟಿ ಕಟ್ಟುವ ಜಾಗದಲ್ಲಿ ಒಂದು ಚೂರು ಕೆಂಪು ನೂಲು ಮಾತ್ರ ಇತ್ತು. ಅವನು ಅದನ್ನು ಎಳೆದು ತೆಗೆದು ಎದ್ದು ನಿಂತ. ಒಂದು ಅಂಗೈಯಲ್ಲಿ ಪಟ್ಟಿ ಇರುವ ಪಿನ್ನು, ಇನ್ನೊಂದರಲ್ಲಿ ಇಲ್ಲದ ಪಿನ್ನು. ಪಟ್ಟಿ ಇಲ್ಲದ್ದು ಗ್ರೀಸು ನಾರುತ್ತಿತ್ತು. ಅವನಿಗೆ ಆ ವಾಸನೆಯಿಂದ ಒಂದು ಕ್ಷಣ ಸುಖವಾಯಿತು.

ಆಂಜಿನಪ್ಪ ಆ ಅಂಗೈಗಳನ್ನು ನೋಡಿದವನೇ ಶಾಮಿಯಾನದ ಹಿಂದಿನ ಹೂವಿನ ರಾಶಿಗೆ ಓಡಿದ. ಮೊಣಕೈವರೆಗೆ ಕೈ ಹಾಕಿ ಕೆದಕಿ, ಚೆಂಡುಹೂವಿನ ಹಾರವೊಂದನ್ನು ಎಳೆದು ತಂದ. ಅದರ ದಾರಕ್ಕೆ ಸುತ್ತಿಕೊಂಡು ಕೆಂಪು ಪಟ್ಟಿಯೂ ಬಂತು.

"ಅಣ್ಣೋ, ನಾನು ಊವ ಕಿತ್ತೆ ಅಷ್ಟೇ ಕಣಣ್ಣ," ಎಂದ. "ಬಿಗಿಯಾಗಿತ್ತು. ಜಗ್ಗಿದೆ. ಅದ್ರ ಜತೇಲಿ ಇದೂ ಬಂದೈತೆ, ನಂಗೊತ್ತಾಗ್ನಿಲ್ಲ. ಕೆಂಪಗೆ ಎಲ್ಲಾ ಒಂದೇ ಅಂಗೆ ಕಂಡ್ತು."

ರುದ್ರೇಶ್ ಪಟ್ಟಿಯನ್ನೂ ಹಾರವನ್ನೂ ಫೋಟೋ ತೆಗೆದುಕೊಂಡ. ದಾವಣಗೆರೆಯವನು, ಬ್ರೂಕ್‌ಫೀಲ್ಡಿನಿಂದ ದಿನಾ ಎರಡು ತಾಸು ಕಾರಿನಲ್ಲಿ ಬರುವವನು, ಕೆಟ್ಟವನಲ್ಲ. ಸಿದ್ರಾಮನ ತೋಳು ಹಿಡಿದು ರೆಕ್ಕೆಯ ನೆರಳಿಗೆ ಕರೆದುಕೊಂಡು ಹೋದ.

"ಸಿದ್ರಾಮಣ್ಣ, ಕೇಳಿ. ರಿಬ್ಬನ್ ಇದ್ದಿದ್ರೆ ನಿಮ್ಗೆ ಕಾಣ್ತಿತ್ತು. ಕಂಡಿದ್ರೆ ಪಿನ್ ಕೀಳ್ತಿದ್ರಿ. ಸೋ ರೂಟ್ ಕಾಸ್ ರಿಬ್ಬನ್. ರಿಬ್ಬನ್ ಕಿತ್ತಿದ್ದು ಆಂಜಿನಪ್ಪ. ನೀವು ಇನ್ ಫ್ಯಾಕ್ಟ್ ಟೈಮಿಗೆ ಸರಿಯಾಗಿ ಕ್ಯಾಚ್ ಮಾಡಿದೀರ. ನಿಮ್ಗೆ ಅವಾರ್ಡೇ ಕೊಡ್ಬೇಕು."

"ಅಂವಗ ಏನಾಕ್ಕೈತ್ರಿ?"

"ಅವ್ನು ಕಾಂಟ್ರ್ಯಾಕ್ಟಲ್ಲಿರೋನು. ಏಜೆನ್ಸಿಗೆ ವಾಪಸ್ ಕಳಿಸ್ತೀವಿ, ಇನ್ನೆಲ್ಲಾದ್ರೂ ಹಾಕ್ತಾರೆ ಬಿಡಿ."

ಕಥೆ ಆಗಲೇ ಸಿದ್ರಾಮನ ತಲೆಯಲ್ಲಿ ಕಾಲು ಚಾಚಿ ಕೂತಿತ್ತು. ಅದಕ್ಕೆ ಅವನು ಏನೂ ಮಾಡಬೇಕಾಗಿರಲಿಲ್ಲ. ಗಾಲಿಯ ಪಕ್ಕ ಬಗ್ಗಿದೆ, ಪಟ್ಟಿ ಕಾಣಲಿಲ್ಲ, ಯಾರೋ ಕಿತ್ತು ಜಮಖಾನದ ಮೇಲೆ ಇಟ್ಟಿದ್ದಾರೆ ಅಂದುಕೊಂಡೆ, ಅಲ್ಲಿದ್ದ ಪಿನ್ನೇ ಇದು ಅಂದುಕೊಂಡೆ. ಹಾರದ ದಾರ ಹಸಿರು ಬಣ್ಣದ್ದು, ಅದಕ್ಕ ಛಲೋ ನೆನಪೈತಿ. ದಾರ ನಿಜವಾಗಿಯೂ ಹಸಿರಿತ್ತು. ರುದ್ರೇಶ್ ನಂಬಲು ಸಿದ್ಧನಾಗಿ ನಿಂತಿದ್ದ, ಅವನ ಮುಖದಲ್ಲಿ ಆಗಲೇ ಅರ್ಧ ನಂಬಿಕೆ ಇತ್ತು. ಇಷ್ಟು ಸಲೀಸಾಗಿ ನಂಬುವವರ ಮೇಲೆ ಸಿದ್ರಾಮನಿಗೆ ಮೊದಲ ಸಲ ಸಿಟ್ಟು ಬಂತು. ಚಂದಾಪುರದ ಅಂಗಡಿಯಲ್ಲಿ ಅತ್ತಿಬೆಲೆಯ ಟೋಲಿನ ಕಥೆಗೂ ಒಬ್ಬರಾದರೂ, ಬಿಡಣ್ಣ ಸಾಕು ಅನ್ನುತ್ತಿದ್ದರು.

ವಿಮಾನದ ಮೆಟ್ಟಿಲಿಳಿದು ಕ್ಯಾಪ್ಟನ್ ನಿವೇದಿತಾ ನೇರ ಅವರ ಕಡೆಗೆ ಬಂದರು. ಆಂಜಿನಪ್ಪ ಹಾರ ಹಿಡಿದುಕೊಂಡೇ ನಾಲ್ಕು ಮಾರು ಆಚೆ ನಿಂತಿದ್ದ, ಹತ್ತಿರ ಬರಬೇಕೋ ಬೇಡವೋ ತಿಳಿಯದೆ.

"ಸಿದ್ರಾಮಣ್ಣ, ಒಂದ್ ಮಾತು ಕೇಳ್ತೀನಿ," ಎಂದರು. "ನನಗ ತೋರಿಸಿದ ಪಿನ್ ಗಾಲಿಯಿಂದ ತಗದದ್ದೋ ಅಲ್ಲೋ? ಕಥಿ ಬ್ಯಾಡ್ರಿ."

"ಅಲ್ರಿ ಮೇಡಂ."

"ಮತ್ತ?"

"ಪೂಜಾದಾಗ ಇಟ್ಟಿದ್ದು. ಕಿಸೆದಾಗಿತ್ತು. ಗಾಲಿ ಕಡೆ ನಾ ಬಗ್ಗಿ ನೋಡಲೇ ಇಲ್ಲ."

ಮುಂದಿನ ಮಾತಿಗಾಗಿ ಮೂವರೂ ಕಾದರು. ಅವನ ಮಾತು ಅಷ್ಟಕ್ಕೆ ಎಂದೂ ಮುಗಿದದ್ದೇ ಇಲ್ಲವಾದ್ದರಿಂದ ಆಂಜಿನಪ್ಪನೂ ಕತ್ತು ಮುಂದೆ ಮಾಡಿ ಕಾದ. ಮುಂದೆ ಏನೂ ಇರಲಿಲ್ಲ. ಸಿದ್ರಾಮನಿಗೂ ಅದು ಹೊಸದಾಗಿತ್ತು, ಕೈಯಾಡಿಸಿ ನೋಡಿದರೆ ಜೇಬಿನಲ್ಲಿ ಏನೂ ಇಲ್ಲದ ಹಾಗೆ.

"ಸುಮ್ನಿರಿ ಸಿದ್ರಾಮಣ್ಣ," ಎಂದ ರುದ್ರೇಶ್. "ಆಂಜಿನಪ್ಪನ್ನ ಉಳ್ಸೋಕೆ ಹೇಳ್ತಿದಾರೆ ಮೇಡಂ. ಇವ್ರು ಇಪ್ಪತ್ತಾರು ವರ್ಷದಲ್ಲಿ ಒಂದು ಸಲಾನೂ ತಪ್ಪಿಲ್ಲ."

"ಒಂದ್ ಸಲ ಅಲ್ಲ," ಎಂದ ಸಿದ್ರಾಮ. ಆದರೆ ಅಷ್ಟು ಮೆಲ್ಲಗೆ ಹೇಳಿದ್ದನ್ನು ರುದ್ರೇಶ್ ವಿನಯ ಎಂದುಕೊಂಡ.

ನಿವೇದಿತಾ ಇಬ್ಬರನ್ನೂ ನೋಡಿದರು. ನಂತರ ಸಿದ್ರಾಮನ ಅಂಗೈಗಳಲ್ಲಿದ್ದ ಎರಡು ಪಿನ್ನುಗಳನ್ನು ನೋಡಿದರು.

"ಅಲ್ಲಿಂದ ನನಗ ಗಾಲಿ ಕಾಣೂದಿಲ್ರಿ," ಎಂದರು. "ಕಾಣೂದು ನಿಮ್ಮ ಕೈ ಅಷ್ಟ."

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಅವನ ಬಳಿ ಉತ್ತರಗಳಿದ್ದವು. ಇದಕ್ಕೆ ಅವನು ತಲೆಯಾಡಿಸಿದ, ಅವರು ಗಡಿಯಾರ ನೋಡಿಕೊಂಡು, ಹನ್ನೆರಡಕ್ಕ ಬಿಡೋಣ್ರಿ, ಒಂದ್ ಸಲ ಪೂರಾ ಚೆಕ್ ಮಾಡ್ಸಿ ಎಂದು ರುದ್ರೇಶನಿಗೆ ಹೇಳಿ, ವಿಮಾನದ ಸುತ್ತ ತಾವೇ ಒಂದು 'ಪ್ರದಕ್ಷಿಣೆ' ಹಾಕಲು ಹೋದರು.

ಫಾರಂ ತುಂಬಿಸುವುದು ಆಫೀಸಿನಲ್ಲಿ. ಘಟನೆಯನ್ನು ನಿಮ್ಮ ಮಾತಿನಲ್ಲಿ ಬರೆಯಿರಿ ಎಂದಿತ್ತು, ಕೆಳಗೆ ಹನ್ನೆರಡು ಗೆರೆ. ಬೇರೆ ದಿನವಾದರೆ ಹನ್ನೆರಡು ಗೆರೆ ಅವನಿಗೆ ಅವಮಾನವಾಗುತ್ತಿತ್ತು. ಮುಂಗುಸಿಗೇ ಇಪ್ಪತ್ತು ಗೆರೆ ಬೇಕು. ಅವನು ಕನ್ನಡ ಶಾಲೆಯ ದುಂಡನೆಯ ಅಕ್ಷರದಲ್ಲಿ ಬರೆದ: ಗಾಲಿಯ ಪಿನ್ನು ತೆಗೆಯದೆ, ಜೇಬಿನಲ್ಲಿದ್ದ ಪೂಜೆಯ ಪಿನ್ನನ್ನು ಪೈಲಟ್‌ಗೆ ತೋರಿಸಿದೆ. ತಪ್ಪು ನನ್ನದು. ಒಂದೂವರೆ ಗೆರೆಯಾಯಿತು. ಓದಿ ನೋಡಿದ. ಇದಕ್ಕಿಂತ ನೀರಸವಾದದ್ದನ್ನು ಅವನು ಜೀವನದಲ್ಲಿ ಹೇಳಿರಲಿಲ್ಲ. ಇದನ್ನು ಚಹಾದಂಗಡಿಯಲ್ಲಿ ಹೇಳಿದರೆ ಯಾರೂ ಎರಡನೇ ಚಹಾ ತರಿಸುವುದಿಲ್ಲ. ಆದರೂ ಅದನ್ನು ಎಲ್ಲಿ ಅಲುಗಿಸಿದರೂ ಅಲುಗುತ್ತಿರಲಿಲ್ಲ, ಗಾಲಿಗೆ ಅಡ್ಡೆ ಕೊಟ್ಟ ಹಾಗೆ. ಫಾರಂ ತಿರುಗಿಸಿ ಹಿಂದೆ ನೋಡಿದ. ದಿನಾಂಕ, ಸಮಯ, ಗಾಳಿಯ ದಿಕ್ಕು, ಸಾಕ್ಷಿಗಳು. ವೀರೇಶನ ವಿಷಯಕ್ಕೆ ಅದರಲ್ಲಿ ಕಾಲಂ ಇರಲಿಲ್ಲ. ಇಲ್ಲವೆಂದು ಸಮಾಧಾನವಾಯಿತು. ಸಮಾಧಾನವಾದದ್ದನ್ನು ಗಮನಿಸಿದ, ಅದನ್ನು ಮರೆಯುವುದು ಇನ್ನು ಸುಲಭವಲ್ಲ ಎಂಬುದೂ ತಿಳಿಯಿತು. ಅವನು ಪೆನ್ನನ್ನು ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದ.

ರುದ್ರೇಶ್ ಫಾರಂ ಓದಿ, ತಿರುಗಿಸಿ, ಮತ್ತೆ ಓದಿದ.

"ಇಷ್ಟೇನಾ?"

"ಇಷ್ಟ ರೀ."

"ರಿಬ್ಬನ್ ಬಗ್ಗೆ ಒಂದು ಲೈನ್ ಹಾಕಿ. ಫ್ಯಾಕ್ಟೇ ತಾನೇ ಅದು?"

"ಪಟ್ಟಿ ಇದ್ದಿದ್ರೂ ನಾ ನೋಡ್ತಿರ್ಲಿಲ್ರಿ. ನಾ ಬಗ್ಗಲೇ ಇಲ್ಲ ಅಂದಮ್ಯಾಗ ಪಟ್ಟಿ ಯಾಕ ಬೇಕು?"

"ಟ್ರೈನರ್ ಪೋಸ್ಟ್ ಹೋಗುತ್ತೆ ಸಿದ್ರಾಮಣ್ಣ. ವಿಚಾರಣೆ ಮುಗಿಯೋವರ್ಗೂ ರ‍್ಯಾಂಪ್ ಮೇಲೂ ಬರೋ ಹಂಗಿಲ್ಲ. ಗೊತ್ತು ತಾನೇ?"

"ಗೊತ್ತೈತ್ರಿ. ಆ ರೂಲ್ ಹಾಕ್ಬೇಕಂತ ಹೇಳಿದಾಂವ ನಾನ."

ಇದು ನಿಜವೋ ಅಲ್ಲವೋ ರುದ್ರೇಶನಿಗೆ ತಿಳಿಯಲಿಲ್ಲ. ಅವನು ಸಹಿ ಹಾಕಿದ. ಸಿದ್ರಾಮ ಕತ್ತಿನ ರ‍್ಯಾಂಪ್ ಪಾಸನ್ನು ತೆಗೆದು ಮೇಜಿನ ಮೇಲಿಟ್ಟ, ಬೆನ್ನು ನೆಟ್ಟಗೇ ಇತ್ತು. ನಾಳೆಯಿಂದ ಏನು ಎಂದು ಯೋಚಿಸಿ ನೋಡಿದ. ಹಸಿವಷ್ಟೇ ಆಗುತ್ತಿತ್ತು.

ಹೊರಗೆ ಆಂಜಿನಪ್ಪ ಕಾದಿದ್ದ. ಅವನಿಗೆ ಟ್ರೈನಿಂಗ್ ಆಗಿ, ಬ್ಯಾಟನ್ ಹಿಡಿಯುವ ಕಾರ್ಡು ಸಿಕ್ಕಿ ಎರಡು ವರ್ಷವಾಗಿತ್ತು. ಸಿದ್ರಾಮ ಒಂದು ದಿನವೂ ರಜೆ ಹಾಕದ ಕಾರಣ ಒಮ್ಮೆಯೂ ಹಿಡಿದಿರಲಿಲ್ಲ. ಹನ್ನೆರಡಕ್ಕೆ ವಿಮಾನವನ್ನು ಕರೆಯಬೇಕಾದವನು ಈಗ ಅವನೇ.

"ನಂಗೆ ಬರಾಕಿಲ್ಲ ಕಣಣ್ಣ. ನಾನು ಟ್ರಾಕ್ಟ್ರು ಓಡ್ಸೋನು. ನಿನ್ನಂಗೆ ಕೈ ಎತ್ತಾಕಾಯ್ತದಾ?"

"ನನ್ನಂಗ ಬ್ಯಾಡ. ಮೊದಲ ಬಗ್ಗಿ ಗಾಲಿ ನೋಡು. ಕೈ ಆಮ್ಯಾಲೆ."

"ನೀನು ಎದ್ರಿಗ್ ನಿಂತ್ಕತೀಯಾ?"

"ಗೆರಿ ಹಿಂದ ನಿಂದರ್ತೀನಿ. ನನ್ನ ನೋಡಬ್ಯಾಡ, ವಿಮಾನ ನೋಡು."

ಶಾಮಿಯಾನವನ್ನು ಆಗಲೇ ಬಿಚ್ಚಿ ಸುತ್ತಿಟ್ಟಿದ್ದರು, ವಿಮಾನವನ್ನು ಪಿನ್ನು ಚುಚ್ಚಿ ಮೊದಲಿನ ಜಾಗಕ್ಕೆ ಎಳೆದು ನಿಲ್ಲಿಸಿದ್ದರು. ಅತಿಥಿಗಳು ಬಿಸಿಲಿಗೆ ಕೈ ಅಡ್ಡ ಹಿಡಿದು, ರ‍್ಯಾಂಪಿನ ಅಂಚಿನ ಕೆಂಪು ಗೆರೆಯ ಈಚೆ ನಿಂತಿದ್ದರು. ಸಿದ್ರಾಮನೂ ಹೋಗಿ ಅವರ ನಡುವೆ ನಿಂತ. ಪಕ್ಕದ ಹೆಂಗಸೊಬ್ಬರು, ಅಣ್ಣ, ನೀವೂ ನೋಡೋಕ್ ಬಂದ್ರಾ ಎಂದು ಕೇಳಿದರು. ಹೌದ್ರಿ ಎಂದ. ಆಂಜಿನಪ್ಪ ಗಾಲಿಯ ಪಕ್ಕ ಬಗ್ಗಿದ, ಬಹಳ ಹೊತ್ತು ಬಗ್ಗಿಯೇ ಇದ್ದ, ಎದ್ದು ಬಂದು ಪಿನ್ನನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದ. ಹೊಸ ಪಟ್ಟಿ ಗಾಳಿಗೆ ಬಿಚ್ಚಿಕೊಂಡಿತು. ಗಾಜಿನ ಹಿಂದೆ ಹೆಬ್ಬೆರಳು ಎದ್ದಿತು. ವಿಮಾನ ಹೊರಟಿತು. ಗೆರೆಯ ಈಚೆ ಸಿದ್ರಾಮನ ಭುಜಗಳು ತಮ್ಮಷ್ಟಕ್ಕೆ ಏಳುವುದಕ್ಕೆ ನೋಡಿದವು. ಅವನು ಕೈಗಳನ್ನು ಬೆನ್ನ ಹಿಂದೆ ಒಂದರಲ್ಲೊಂದು ಹಿಡಿದುಕೊಂಡ. ಇಪ್ಪತ್ತಾರು ವರ್ಷ ಅವನು ಆ ತಿರುವಿನಲ್ಲಿ ಬಲಗೈಯನ್ನು ಭುಜದ ಮಟ್ಟಕ್ಕೆ ಚಾಚಿ, ಎಡಗೈಯನ್ನು ಮಣಿಕಟ್ಟಿನಿಂದ ಬಿಡಿಸಿ, ಬ್ಯಾಟನ್ನಿನ ತುದಿ ಗಾಳಿಯಲ್ಲಿ ಅರ್ಧಚಂದ್ರ ಬರೆಯುವ ಹಾಗೆ ಕರೆದಿದ್ದ. ಹೊಸ ಪೈಲಟ್ಟುಗಳು ಅದನ್ನು ನೋಡಿ ಕಿಟಕಿಯಿಂದ ಸಲಾಮು ಹೊಡೆದದ್ದುಂಟು, ಇದು ಕಥೆಯಲ್ಲ. ವಿಮಾನ ತಿರುವಿಗೆ ಬಂತು. ಆಂಜಿನಪ್ಪ ಮೊಣಕಾಲು ಬಗ್ಗಿಸಿ, ಕತ್ತು ಮುಂದೆ ಚಾಚಿ, ಅಂಗಳದ ಕಾಳಿಗೆ ಬಾಯಿ ಹಾಕಿದ ಕೋಳಿಗಳನ್ನು ಅಟ್ಟುವವನ ಹಾಗೆ ಎಡಗೈಯ ಬ್ಯಾಟನ್ನನ್ನು ಪಟಪಟ ಬಡಿದ. ವಿಮಾನ ಹಳದಿ ಗೆರೆಯಿಂದ ಒಂದಿಂಚೂ ಆಚೀಚೆ ಹೋಗದೆ ಎಡಕ್ಕೆ ತಿರುಗಿತು.